ಕೆಥೆಡ್ರಲ್ ಯಾವುದು, ಅಬೆ ಯಾವುದು: ಇಂಗ್ಲೆಂಡಿನ ಹಳೆಯ ಚರ್ಚುಗಳನ್ನು ಗುರುತಿಸುವ ಕ್ರಮ

ಲಂಡನ್ನಿನ ವಿಕ್ಟೋರಿಯಾ ಸ್ಟ್ರೀಟ್‌ನ ಒಂದು ತುದಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆ ಇದೆ. ಅಲ್ಲಿಂದ ವಿಕ್ಟೋರಿಯಾ ರೈಲು ನಿಲ್ದಾಣದ ಕಡೆಗೆ ಒಂದು ಮೈಲಿಗಿಂತ ಕಡಿಮೆ ದೂರ ನಡೆದರೆ ವೆಸ್ಟ್‌ಮಿನ್‌ಸ್ಟರ್ ಕೆಥೆಡ್ರಲ್ ಸಿಗುತ್ತದೆ. ಹೆಸರಿನ ಅರ್ಧ ಭಾಗ ಒಂದೇ ಆಗಿರುವುದರಿಂದ ಒಂದನ್ನು ನೋಡಲು ಹೊರಟು ಇನ್ನೊಂದರ ಬಾಗಿಲಿಗೆ ಹೋಗಿ ನಿಲ್ಲುವುದು ಸುಲಭ. ರಾಜರ ಪಟ್ಟಾಭಿಷೇಕ ನಡೆಯುವುದು ಮೊದಲನೆಯದರಲ್ಲಿ. ಅದು ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಅಧಿಕೃತ ಪಂಥದವರ ಚರ್ಚು. ಎರಡನೆಯದು 1903ರಲ್ಲಿ ತೆರೆದ, ಬೈಜಾಂಟೈನ್ ಶೈಲಿಯಲ್ಲಿ ಇಟ್ಟಿಗೆಯಿಂದ ಕಟ್ಟಿದ ರೋಮನ್ ಕ್ಯಾಥೊಲಿಕ್ ಚರ್ಚು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿಯನ್ನು ನೋಡಲು ಹೋದ ಕನ್ನಡಿಗರು ಲ್ಯಾಂಬೆತ್ ಸೇತುವೆ ದಾಟಿ ಇವೆರಡನ್ನೂ ಒಂದೇ ದಿನ ನೋಡಿ ಮುಗಿಸಬಹುದು. ಆದರೆ ಒಂದಕ್ಕೆ ಅಬೆ ಎಂದೂ ಇನ್ನೊಂದಕ್ಕೆ ಕೆಥೆಡ್ರಲ್ ಎಂದೂ ಏಕೆ ಕರೆಯುತ್ತಾರೆಂಬುದು ಕಟ್ಟಡದ ಎತ್ತರದಿಂದಾಗಲಿ ವೈಭವದಿಂದಾಗಲಿ ತಿಳಿಯುವುದಿಲ್ಲ. ಅದನ್ನು ಸ್ಥಳದಲ್ಲಿಯೇ ನಿಂತು ಕಂಡುಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹೊರಡುವ ಮುನ್ನ: ಎರಡು ಬೇರೆ ಬೇರೆ ಪ್ರಶ್ನೆಗಳು

ಕೆಥೆಡ್ರಲ್ ಮತ್ತು ಅಬೆ ಒಂದೇ ಏಣಿಯ ಎರಡು ಮೆಟ್ಟಿಲುಗಳೆಂದು, ಅಂದರೆ ಒಂದು ದೊಡ್ಡದು, ಇನ್ನೊಂದು ಅದಕ್ಕಿಂತ ಚಿಕ್ಕದು ಎಂದು ಅನೇಕರು ಭಾವಿಸುತ್ತಾರೆ. ಗೊಂದಲದ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ. ಕೆಥೆಡ್ರಲ್ ಎಂಬುದು ಅಧಿಕಾರಕ್ಕೆ ಸಂಬಂಧಿಸಿದ ಮಾತು: ಒಂದು ಧರ್ಮಪ್ರಾಂತ್ಯದ ಮುಖ್ಯಸ್ಥರಾದ ಬಿಷಪ್ಪರ ಪೀಠ ಯಾವ ಚರ್ಚಿನಲ್ಲಿದೆಯೋ ಅದು ಕೆಥೆಡ್ರಲ್. ಅಬೆ ಎಂಬುದು ವಾಸಕ್ಕೆ ಸಂಬಂಧಿಸಿದ ಮಾತು: ಆಬಟ್ ಎಂಬ ಮಠಾಧಿಪತಿಯ ಅಥವಾ ಆಬೆಸ್ ಎಂಬ ಮಠಾಧ್ಯಕ್ಷೆಯ ಕೈಕೆಳಗೆ, ಒಂದು ನಿಯಮಕ್ಕೆ ಒಳಪಟ್ಟು ಸನ್ಯಾಸಿಗಳೋ ಸನ್ಯಾಸಿನಿಯರೋ ಒಟ್ಟಾಗಿ ಬಾಳಿದ ಮಠ ಅದು. ಚರ್ಚು ಆ ಮಠದ ಒಂದು ಭಾಗ ಮಾತ್ರ.

ಆದ್ದರಿಂದ ಯಾವುದೇ ಹಳೆಯ ಚರ್ಚಿನ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಇಲ್ಲಿ ಬಿಷಪ್ಪರ ಆಸನವಿದೆಯೇ? ಇಲ್ಲಿ ಸನ್ಯಾಸಿಗಳು ವಾಸವಾಗಿದ್ದರೇ? ಎರಡಕ್ಕೂ ಹೌದು ಎಂಬ ಉತ್ತರ ಬರಬಹುದು, ಒಂದಕ್ಕೆ ಮಾತ್ರ ಬರಬಹುದು, ಎರಡಕ್ಕೂ ಇಲ್ಲ ಎಂದೂ ಬರಬಹುದು. ಮೊದಲನೆಯ ಪ್ರಶ್ನೆಯನ್ನು ವರ್ತಮಾನ ಕಾಲದಲ್ಲಿಯೂ ಎರಡನೆಯದನ್ನು ಭೂತಕಾಲದಲ್ಲಿಯೂ ಕೇಳಬೇಕಾಗಿರುವುದಕ್ಕೆ ಕಾರಣವಿದೆ. ಅದು ಮೂರನೆಯ ಹಂತದಲ್ಲಿ ಬರುತ್ತದೆ.

ಹಂತ 1: ಆಸನವನ್ನು ಹುಡುಕಿರಿ

ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದರೆ ಮೊದಲು ಸಿಗುವುದು ನೇವ್, ಅಂದರೆ ಜನರು ಕುಳಿತುಕೊಳ್ಳುವ ಉದ್ದನೆಯ ಅಂಕಣ. ಅದನ್ನು ದಾಟಿ ಪೂರ್ವಕ್ಕೆ ಸಾಗಿದರೆ ಗಾಯಕವೃಂದದ ಅಂಕಣ ಸಿಗುತ್ತದೆ. ಅಲ್ಲಿ ಎರಡು ಬದಿಯಲ್ಲಿ ಮರದ ಆಸನಗಳ ಸಾಲುಗಳು ಎದುರುಬದುರಾಗಿರುತ್ತವೆ. ಬಿಷಪ್ಪರ ಆಸನ ಸಾಮಾನ್ಯವಾಗಿ ಇಲ್ಲಿಯೇ, ಹೆಚ್ಚಾಗಿ ದಕ್ಷಿಣದ ಬದಿಯಲ್ಲಿ, ಉಳಿದ ಆಸನಗಳಿಗಿಂತ ಎತ್ತರವಾಗಿ, ಮೇಲೆ ಕೆತ್ತನೆಯ ಶಿಖರವನ್ನು ಹೊತ್ತು ನಿಂತಿರುತ್ತದೆ. ಡರಮ್ ಕೆಥೆಡ್ರಲ್‌ನಲ್ಲಿ 14ನೆಯ ಶತಮಾನದ ಬಿಷಪ್ ಹ್ಯಾಟ್‌ಫೀಲ್ಡ್ ತನ್ನ ಸಮಾಧಿಯ ಮೇಲೆಯೇ ಆಸನವನ್ನು ಕಟ್ಟಿಸಿದ್ದಾನೆ. ಮೆಟ್ಟಿಲು ಹತ್ತಿ ಹೋಗಬೇಕಾದಷ್ಟು ಎತ್ತರದ ಆ ಪೀಠವನ್ನು ನೋಡಿದರೆ ಆತನ ಕಾಲದಲ್ಲಿ ಡರಮ್‌ನ ಬಿಷಪ್ಪರಿಗೆ ಎಷ್ಟು ಅಧಿಕಾರವಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆಸನ ಕಂಡರೆ ಅದು ಕೆಥೆಡ್ರಲ್. ಕಟ್ಟಡ ಎಷ್ಟು ದೊಡ್ಡದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲಾ ಕೇಂದ್ರವಾಗಲು ಊರು ಆ ಜಿಲ್ಲೆಯಲ್ಲೇ ದೊಡ್ಡದಾಗಿರಬೇಕೆಂಬ ನಿಯಮ ಹೇಗೆ ಇಲ್ಲವೋ ಹಾಗೆಯೇ ಇದೂ. ಗೋಪುರವೂ ಗುಮ್ಮಟವೂ ಪ್ರಮಾಣವಲ್ಲ. ಕ್ರಿಸ್ಟೊಫರ್ ರೆನ್ ವಿನ್ಯಾಸ ಮಾಡಿದ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಆಗಿರುವುದು ಅದರ ಪ್ರಸಿದ್ಧ ಗುಮ್ಮಟದಿಂದಲ್ಲ, ಲಂಡನ್ನಿನ ಬಿಷಪ್ಪರ ಆಸನ ಅಲ್ಲಿರುವುದರಿಂದ.

ಈ ಪರೀಕ್ಷೆಯನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಾಡುವಾಗ ಎಚ್ಚರಿಕೆ ಬೇಕು. ಅಲ್ಲಿ ಪಶ್ಚಿಮದ ಬಾಗಿಲಿನ ಹತ್ತಿರ, ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ, ಬಹಳ ಪ್ರಸಿದ್ಧವಾದ ಒಂದು ಕುರ್ಚಿಯಿದೆ. ಸ್ಕಾಟ್ ರಾಜರ ಪಟ್ಟಾಭಿಷೇಕಕ್ಕೆ ಬಳಸುತ್ತಿದ್ದ, ಸ್ಕಾಟ್ಲೆಂಡಿನಿಂದ 1296ರಲ್ಲಿ ತಂದ ಸ್ಕೋನ್ ಶಿಲೆಯನ್ನು ಇರಿಸುವುದಕ್ಕಾಗಿ ರಾಜ ಒಂದನೆಯ ಎಡ್ವರ್ಡ್ 1300ರ ಹೊತ್ತಿಗೆ ಮಾಡಿಸಿದ ಓಕ್ ಮರದ ಕುರ್ಚಿ ಅದು. ಶಿಲೆ 1996ರಲ್ಲಿ ಸ್ಕಾಟ್ಲೆಂಡಿಗೆ ಮರಳಿತು. ಹತ್ತಿರದಿಂದ ನೋಡಿದರೆ ಬೆನ್ನಿನ ಹಲಗೆಯ ತುಂಬ ಚಾಕುವಿನಿಂದ ಕೆತ್ತಿದ ಹೆಸರುಗಳು ಕಾಣುತ್ತವೆ. 18 ಮತ್ತು 19ನೆಯ ಶತಮಾನಗಳಲ್ಲಿ ಪಕ್ಕದ ಶಾಲೆಯ ಹುಡುಗರೂ ಪ್ರವಾಸಿಗರೂ ಮಾಡಿದ ಕೆಲಸವಿದು. 1800ರ ಜುಲೈ 5-6ರಂದು ತಾನು ಈ ಕುರ್ಚಿಯಲ್ಲಿ ನಿದ್ದೆ ಮಾಡಿದ್ದೇನೆಂದು ಒಬ್ಬ ಮಹಾಶಯ ಅದರ ಮೇಲೆಯೇ ಬರೆದಿಟ್ಟಿದ್ದಾನೆ. ಕೋಟೆಯ ಗೋಡೆಗಳ ಮೇಲೆ ಹೆಸರು ಕೆತ್ತುವ ನಮ್ಮವರನ್ನು ಬೈಯುವಾಗ ಇದನ್ನೂ ನೆನಪಿಟ್ಟುಕೊಳ್ಳಬಹುದು. ಅದಿರಲಿ, ಇದು ಪಟ್ಟಾಭಿಷೇಕದ ಕುರ್ಚಿ, ರಾಜನದು, ಬಿಷಪ್ಪರದಲ್ಲ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಈಗ ಬಿಷಪ್ಪರ ಪೀಠವಿಲ್ಲ, ಅದು ಯಾವ ಬಿಷಪ್ಪರ ಅಧಿಕಾರಕ್ಕೂ ಒಳಪಟ್ಟಿಲ್ಲ. ಅಲ್ಲಿನ ಡೀನ್, ಅಂದರೆ ಚರ್ಚನ್ನು ನಡೆಸುವ ಮುಖ್ಯ ಪಾದ್ರಿ, ನೇರವಾಗಿ ರಾಜಮನೆತನದ ಮುಖ್ಯಸ್ಥರಿಗೆ ಉತ್ತರದಾಯಿ.

ಹಂತ 2: ಚರ್ಚಿನ ಪಕ್ಕದಲ್ಲಿ ಮನೆಯ ಗುರುತುಗಳನ್ನು ನೋಡಿರಿ

ಎರಡನೆಯ ಪ್ರಶ್ನೆಗೆ ಉತ್ತರ ಚರ್ಚಿನ ಒಳಗಿಗಿಂತ ಪಕ್ಕದಲ್ಲಿ ಹೆಚ್ಚು ಸ್ಪಷ್ಟವಾಗಿ ದೊರೆಯುತ್ತದೆ. ಸನ್ಯಾಸಿಗಳು ಬದುಕಿದ ಜಾಗವೆಂದ ಮೇಲೆ ಅವರು ಮಲಗಬೇಕು, ಉಣ್ಣಬೇಕು, ಕೈ ತೊಳೆಯಬೇಕು, ಸಭೆ ಸೇರಬೇಕು. ಬೆನೆಡಿಕ್ಟೈನ್ ಮತ್ತು ಸಿಸ್ಟರ್ಸಿಯನ್ ಎಂಬ ಸನ್ಯಾಸಿ ಪಂಥಗಳ ಮಠಗಳಲ್ಲಿ ಇವೆಲ್ಲ ಬಹುಮಟ್ಟಿಗೆ ಒಂದೇ ಕ್ರಮದಲ್ಲಿರುತ್ತವೆ. ಚರ್ಚಿನ ಒಂದು ಮಗ್ಗುಲಿಗೆ, ಬಿಸಿಲು ಬೀಳಲೆಂದು ಸಾಮಾನ್ಯವಾಗಿ ದಕ್ಷಿಣಕ್ಕೆ, ಕ್ಲಾಯ್ಸ್ಟರ್ ಎಂಬ ಚೌಕದ ಅಂಗಳವೂ ಅದರ ನಾಲ್ಕು ಕಡೆ ಕೈಸಾಲೆಯೂ ಇರುತ್ತವೆ. ಪೂರ್ವದ ಕೈಸಾಲೆಯ ಬದಿಯಲ್ಲಿ ಸಭಾಂಗಣ, ಅದರ ಮೇಲಂತಸ್ತಿನಲ್ಲಿ ಎಲ್ಲರೂ ಒಟ್ಟಿಗೆ ಮಲಗುವ ಶಾಲೆ. ಚರ್ಚಿಗೆ ಎದುರಾದ ಬದಿಯಲ್ಲಿ ಊಟದ ಮನೆ. ಅದರ ಬಾಗಿಲಿನ ಹತ್ತಿರ ಕೈತೊಳೆಯುವ ಕಲ್ಲಿನ ತೊಟ್ಟಿ. ಕ್ಯಾಂಟರ್‌ಬರಿ, ಗ್ಲಾಸ್ಟರ್, ಚೆಸ್ಟರ್, ಟಿಂಟರ್ನ್‌ಗಳಲ್ಲಿ ಅಂಗಳ ಉತ್ತರಕ್ಕಿದೆ. ಆದ್ದರಿಂದ ದಿಕ್ಕನ್ನೇ ನಂಬಿ ಕೂರಬಾರದು.

ಇವುಗಳಲ್ಲಿ ನನಗೆ ಬಹಳ ಉಪಯುಕ್ತವೆನಿಸುವ ಗುರುತು ರಾತ್ರಿಯ ಮೆಟ್ಟಿಲು. ಸನ್ಯಾಸಿಗಳು ನಡುರಾತ್ರಿ ಎದ್ದು ಪ್ರಾರ್ಥನೆಗೆ ಬರಬೇಕಾಗಿದ್ದುದರಿಂದ ಮಲಗುವ ಶಾಲೆಯಿಂದ ನೇರವಾಗಿ ಶಿಲುಬೆಯಾಕಾರದ ಚರ್ಚಿನ ಅಡ್ಡತೋಳಿನೊಳಕ್ಕೆ ಇಳಿಯುವ ಮೆಟ್ಟಿಲುಗಳನ್ನು ಕಟ್ಟುತ್ತಿದ್ದರು. ಉತ್ತರ ಇಂಗ್ಲೆಂಡಿನ ಹೆಕ್ಸಮ್ ಅಬೆಯಲ್ಲಿ ಅವು ಇಂದಿಗೂ ಇವೆ, ಸವೆದ ಕಲ್ಲಿನ ಮೇಲೆ ಹತ್ತಿಳಿಯಬಹುದು. ಬೇರೆಡೆ ಮೆಟ್ಟಿಲು ಹೋಗಿ, ಅಡ್ಡತೋಳಿನ ಗೋಡೆಯ ಮೇಲ್ಭಾಗದಲ್ಲಿ ಮುಚ್ಚಿದ ಒಂದು ಬಾಗಿಲು ಮಾತ್ರ ಉಳಿದಿರುತ್ತದೆ. ನೆಲದಿಂದ ಅಷ್ಟು ಮೇಲೆ ಬಾಗಿಲೇಕೆ ಎಂಬ ಪ್ರಶ್ನೆ ನಿಮಗೆ ಹುಟ್ಟಿದರೆ, ಅದರಾಚೆ ಹಾಸಿಗೆಗಳ ಸಾಲುಗಳಿದ್ದಿರಬೇಕೆಂದು ಊಹಿಸಬಹುದು.

ಗ್ಲಾಸ್ಟರ್‌ನ ಕೈಸಾಲೆ ಇನ್ನೂ ವಿವರವಾಗಿ ಮಾತನಾಡುತ್ತದೆ. ಬೀಸಣಿಗೆಯಂತೆ ಹರಡಿದ ಕಲ್ಲಿನ ಛಾವಣಿಗಾಗಿ ಜನರು ಅಲ್ಲಿಗೆ ಹೋಗುತ್ತಾರೆ, ತಲೆಯೆತ್ತಿ ಚಿತ್ರ ತೆಗೆದು ಹೊರಟುಬಿಡುತ್ತಾರೆ. ಕೆಳಗೆ ನೋಡಬೇಕು. ದಕ್ಷಿಣದ ಸಾಲಿನಲ್ಲಿ, ಕಿಟಕಿಗಳ ಅಡಿಯಲ್ಲಿ, ಒಬ್ಬೊಬ್ಬ ಸನ್ಯಾಸಿ ಕುಳಿತು ಓದಲು ಮಾಡಿದ 20 ಚಿಕ್ಕ ಗೂಡುಗಳಿವೆ. ಉತ್ತರದ ಸಾಲಿನಲ್ಲಿ ಊಟಕ್ಕೆ ಮುಂಚೆ ಕೈ ತೊಳೆಯುವ ಉದ್ದನೆಯ ಕಲ್ಲಿನ ದೋಣಿಯಿದೆ, ಅದರ ಎದುರಿಗೆ ಕೈವಸ್ತ್ರಗಳನ್ನಿಡುವ ಗೂಡಿದೆ. ಅಲ್ಲಿಯೇ ಕಲ್ಲಿನ ಜಗಲಿಯ ಮೇಲೆ ಚೌಕದೊಳಗೊಂದು ಚೌಕವಾಗಿ ಗೀಚಿದ ಗೆರೆಗಳಿವೆ. ನಮ್ಮ ಕಡೆ ಸಾಲುಮನೆ ಆಟ ಎಂದು ಕರೆಯುವ, ದೇವಾಲಯಗಳ ಜಗಲಿಗಳ ಮೇಲೂ ಕಾಣುವ ಅದೇ ಆಟದ ಮನೆಗಳು ಅವು. ಇಷ್ಟನ್ನು ನೋಡಿದ ಮೇಲೆ ಇದು ಮಠವಾಗಿತ್ತೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಆದರೆ ಹೊರಗಿನ ಫಲಕದ ಮೇಲಿರುವುದು ಗ್ಲಾಸ್ಟರ್ ಕೆಥೆಡ್ರಲ್ ಎಂಬ ಹೆಸರು.

ಕೈಸಾಲೆಯೊಂದನ್ನೇ ಆಧಾರವಾಗಿಟ್ಟುಕೊಂಡು ತೀರ್ಮಾನಿಸಬಾರದೆಂಬುದಕ್ಕೆ ಸಾಲ್ಸ್‌ಬರಿ ಸಾಕ್ಷಿ. 123 ಮೀಟರ್ ಎತ್ತರದ ಶಿಖರವುಳ್ಳ ಆ ಕೆಥೆಡ್ರಲ್‌ಗೆ ವಿಶಾಲವಾದ ಕ್ಲಾಯ್ಸ್ಟರ್ ಇದೆ, ಅಷ್ಟಕೋನದ ಸಭಾಂಗಣವಿದೆ, ಆ ಸಭಾಂಗಣದಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲೊಂದಿದೆ. ಅಲ್ಲಿ ಯಾವ ಕಾಲದಲ್ಲಿಯೂ ಸನ್ಯಾಸಿಗಳು ಇರಲಿಲ್ಲ. ಮೆರವಣಿಗೆಗಾಗಿಯೂ ಅಂದಕ್ಕಾಗಿಯೂ ಮಠದ ಈ ಭಾಗವನ್ನು ಕೆಥೆಡ್ರಲ್ ಕಟ್ಟಿದವರು ಎರವಲು ಪಡೆದರು, ಅಷ್ಟೆ. ಸುತ್ತ ಎಲ್ಲಿ ಹುಡುಕಿದರೂ ಮಲಗುವ ಶಾಲೆ, ಊಟದ ಮನೆಗಳು ಸಿಗುವುದಿಲ್ಲ. ಇಂಥ ಕೆಥೆಡ್ರಲ್‌ಗಳನ್ನು ನಡೆಸುತ್ತಿದ್ದವರು ಕ್ಯಾನನ್ ಎಂಬ ಪಾದ್ರಿಗಳು; ಅವರಿಗೆ ಸ್ವಂತ ಆದಾಯವಿತ್ತು, ಸ್ವಂತ ಮನೆಗಳಿದ್ದವು. ಆದ್ದರಿಂದ ಚರ್ಚಿನ ಸುತ್ತ ಗೋಡೆ, ಗೋಡೆಗೆ ದ್ವಾರಗಳು, ಒಳಗೆ ಹುಲ್ಲುಹಾಸು, ಅದರ ಅಂಚಿನಲ್ಲಿ ಬಿಡಿ ಬಿಡಿಯಾದ ಮನೆಗಳು ಕಂಡರೆ ಅದು ಸನ್ಯಾಸಿಗಳಿಲ್ಲದ ಕೆಥೆಡ್ರಲ್ ಎಂದು ಭಾವಿಸಬಹುದು. ವೆಲ್ಸ್ ಪಟ್ಟಣದಲ್ಲಿ ಕೆಥೆಡ್ರಲ್‌ನ ಹಾಡುಗಾರರಿಗಾಗಿ 14ನೆಯ ಶತಮಾನದಲ್ಲಿ ಕಟ್ಟಿದ ಮನೆಗಳ ಒಂದು ಬೀದಿಯೇ ಉಳಿದಿದೆ. ಯಾರ್ಕ್, ಲಿಂಕನ್, ಎಕ್ಸೆಟರ್ ಮತ್ತು ಲಂಡನ್ನಿನ ಸೇಂಟ್ ಪಾಲ್ಸ್ ಇದೇ ವರ್ಗಕ್ಕೆ ಸೇರುತ್ತವೆ.

ಹಂತ 3: 1540ರಲ್ಲಿ ಏನಾಯಿತೆಂದು ಕೇಳಿರಿ

ಮೇಲಿನ ಎರಡು ಹಂತಗಳಲ್ಲಿ ಕಂಡದ್ದಕ್ಕೂ ಫಲಕದ ಮೇಲಿನ ಹೆಸರಿಗೂ ತಾಳೆಯಾಗದಿದ್ದರೆ, ಅದರ ಕಾರಣ ಬಹುತೇಕ ರಾಜ ಎಂಟನೆಯ ಹೆನ್ರಿ. 1536ರ ಕಾಯಿದೆಯ ಮೂಲಕ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯವಿದ್ದ ಮಠಗಳನ್ನೂ, ಆಮೇಲೆ ದೊಡ್ಡ ಮಠಗಳನ್ನೂ ಆತ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡ. 1540ರ ಮಾರ್ಚ್‌ನಲ್ಲಿ ವಾಲ್ತಮ್ ಅಬೆ ಶರಣಾದಾಗ ಇಂಗ್ಲೆಂಡಿನಲ್ಲಿ ಮಠವೆಂಬುದು ಉಳಿಯಲಿಲ್ಲ. ಸನ್ಯಾಸಿಗಳ ಪ್ರಶ್ನೆಯನ್ನು ಭೂತಕಾಲದಲ್ಲಿ ಕೇಳಬೇಕಾಗಿರುವುದು ಇದರಿಂದಲೇ. ಅಲ್ಲಿಂದ ಮುಂದೆ ಒಂದೊಂದು ಅಬೆಯ ಹಣೆಬರಹ ಒಂದೊಂದು ಬಗೆ.

ಕೆಲವು ಪಾಳುಬಿದ್ದವು. ಛಾವಣಿಯ ಸೀಸಕ್ಕೆ ಒಳ್ಳೆಯ ಬೆಲೆಯಿದ್ದುದರಿಂದ ಮೊದಲು ಅದನ್ನು ಕಿತ್ತು ಕರಗಿಸಿದರು. ಛಾವಣಿ ಹೋದ ಮೇಲೆ ಮಳೆ ತನ್ನ ಕೆಲಸ ಮಾಡಿತು. ಯಾರ್ಕ್‌ಶೈರ್‌ನ ರಿವೋ ಅಬೆಯಲ್ಲಿ ಹೀಗೆ ಕರಗಿಸಿದ ಸೀಸದ ಗಟ್ಟಿಗಳು ಕುಸಿದ ಕಲ್ಲುಗಳಡಿ ಸಿಕ್ಕಿಕೊಂಡು, 20ನೆಯ ಶತಮಾನದ ಉತ್ಖನನದಲ್ಲಿ ಹೊರಬಂದವು. ಅವುಗಳನ್ನು ಯಾರ್ಕ್ ಮಿನ್‌ಸ್ಟರ್‌ನ ಐವರು ಸೋದರಿಯರು ಎಂಬ ಹೆಸರಿನ ದೊಡ್ಡ ಗಾಜಿನ ಕಿಟಕಿಯ ದುರಸ್ತಿಗೆ ಬಳಸಲಾಯಿತು. ಅಬೆಯ ಸೀಸ ನಾಲ್ಕು ಶತಮಾನ ತಡವಾಗಿ ಒಂದು ಕೆಥೆಡ್ರಲ್‌ಗೆ ಸಂದಿತು.

ಕೆಲವನ್ನು ಊರಿನವರು ತಮ್ಮ ಚರ್ಚಾಗಿ ಉಳಿಸಿಕೊಂಡರು. ಟ್ಯೂಕ್ಸ್‌ಬರಿಯ ಜನರು 453 ಪೌಂಡ್ ಕೊಟ್ಟು ಅಬೆಯ ಚರ್ಚನ್ನು ರಾಜನಿಂದ ಕೊಂಡರು. ಈಗಲೂ ಅದರ ಹೆಸರು ಟ್ಯೂಕ್ಸ್‌ಬರಿ ಅಬೆ, ಕೆಲಸ ಊರ ಚರ್ಚಿನದು. ಬಾತ್ ಅಬೆಯ ಸ್ಥಿತಿಯೂ ಇದೇ: ಸನ್ಯಾಸಿಗಳೂ ಇಲ್ಲ, ಬಿಷಪ್ಪರ ಪೀಠವೂ ಇಲ್ಲ. ಎರಡೂ ಪ್ರಶ್ನೆಗಳನ್ನು ವರ್ತಮಾನ ಕಾಲದಲ್ಲಿ ಕೇಳಿದರೆ ಇಲ್ಲ ಎಂಬ ಉತ್ತರ ಬರುವ ಅಬೆಗಳು ಇವು.

ಇನ್ನು ಕೆಲವಕ್ಕೆ ಹೆನ್ರಿಯೇ ಬಡ್ತಿ ಕೊಟ್ಟ. ಹೊಸ ಧರ್ಮಪ್ರಾಂತ್ಯಗಳನ್ನು ರಚಿಸಿದಾಗ ಸಿದ್ಧವಾಗಿದ್ದ ದೊಡ್ಡ ಕಟ್ಟಡಗಳೆಂದರೆ ಖಾಲಿಯಾದ ಮಠಗಳೇ. ಹೀಗೆ ಗ್ಲಾಸ್ಟರ್, ಪೀಟರ್‌ಬರೊ ಮತ್ತು ಚೆಸ್ಟರ್ 1541ರಲ್ಲಿ, ಬ್ರಿಸ್ಟಲ್ 1542ರಲ್ಲಿ ಕೆಥೆಡ್ರಲ್‌ಗಳಾದವು. ವೆಸ್ಟ್‌ಮಿನ್‌ಸ್ಟರ್ ಅಬೆ ಕೂಡ 1540ರಿಂದ 1550ರವರೆಗೆ ತನ್ನದೇ ಬಿಷಪ್ಪರನ್ನು ಹೊಂದಿದ್ದ ಕೆಥೆಡ್ರಲ್ ಆಗಿತ್ತು. ಮೇರಿ ರಾಣಿ 1556ರಲ್ಲಿ ಸನ್ಯಾಸಿಗಳನ್ನು ಮರಳಿ ಕರೆತಂದಳು. ಒಂದನೆಯ ಎಲಿಜಬೆತ್ 1559ರಲ್ಲಿ ಅವರನ್ನು ಹೊರಡಿಸಿ, 1560ರಲ್ಲಿ ಅದನ್ನು ಈಗಿನ ಸ್ಥಿತಿಗೆ ತಂದಳು. ಅಧಿಕೃತವಾಗಿ ಅದು ಸಂತ ಪೇತ್ರರ ಹೆಸರಿನ ಕಾಲೇಜಿಯೇಟ್ ಚರ್ಚು, ಅಂದರೆ ಬಿಷಪ್ಪರಿಲ್ಲದೆ ಡೀನ್ ಮತ್ತು ಕ್ಯಾನನ್‌ಗಳು ನಡೆಸುವ ಚರ್ಚು. ಅಬೆ ಎಂಬುದು ಅಂದಿನಿಂದ ಕೇವಲ ರೂಢಿಯ ಹೆಸರು.

ಸೇಂಟ್ ಆಲ್ಬನ್ಸ್ ಈ ಎಲ್ಲ ಹಾದಿಗಳಲ್ಲೂ ನಡೆದು ಬಂದಿದೆ. 1539ರಲ್ಲಿ ಮಠ ಮುಚ್ಚಿತು, 1553ರಲ್ಲಿ ಊರಿನವರು 400 ಪೌಂಡಿಗೆ ಚರ್ಚನ್ನು ಕೊಂಡರು, 1877ರಲ್ಲಿ ಅದು ಕೆಥೆಡ್ರಲ್ ಆಯಿತು. ಅಲ್ಲಿನ ಜನರು ಅದನ್ನು ಈಗಲೂ ಅಬೆ ಎನ್ನುತ್ತಾರೆ, ಅದು ತಪ್ಪೂ ಅಲ್ಲ.

ಹಂತ 4: ಹೆಸರನ್ನು ಕೊನೆಯಲ್ಲಿ ಓದಿರಿ

ಹೆಸರಿನಿಂದ ಆರಂಭಿಸುವವರು ದಾರಿ ತಪ್ಪುವುದು ಹೆಚ್ಚು, ಆದ್ದರಿಂದಲೇ ಇದನ್ನು ಕೊನೆಗೆ ಇಟ್ಟಿದ್ದೇನೆ. ಮಿನ್‌ಸ್ಟರ್ ಎಂಬುದು ಪ್ರಾಚೀನ ಗೌರವದ ಹೆಸರು, ಅದರಿಂದ ಇಂದಿನ ಸ್ಥಾನಮಾನ ತಿಳಿಯುವುದಿಲ್ಲ: ಯಾರ್ಕ್ ಮಿನ್‌ಸ್ಟರ್ ಆರ್ಚ್‌ಬಿಷಪ್ (ಹಿರಿಯ ಬಿಷಪ್) ಅವರ ಕೆಥೆಡ್ರಲ್, ಬೆವರ್ಲಿ ಮಿನ್‌ಸ್ಟರ್ ಊರ ಚರ್ಚು. ಪ್ರಯರಿ ಎಂದರೆ ಆಬಟ್‌ಗಿಂತ ಕೆಳಗಿನ ಸ್ಥಾನದ ಪ್ರಯರ್ ನಡೆಸುವ ಮಠ. ಕ್ಯಾಂಟರ್‌ಬರಿ, ಡರಮ್, ವಿಂಚೆಸ್ಟರ್, ನಾರಿಚ್‌ಗಳಲ್ಲಿ ಕೆಥೆಡ್ರಲ್ಲೇ ಮಠವೂ ಆಗಿತ್ತು. ಅಲ್ಲಿ ಆಬಟ್‌ನ ಸ್ಥಾನ ಬಿಷಪ್ಪರಿಗೇ ಸೇರಿದ್ದುದರಿಂದ ದಿನನಿತ್ಯದ ಆಡಳಿತವನ್ನು ಪ್ರಯರ್ ನೋಡಿಕೊಳ್ಳುತ್ತಿದ್ದ. ಶತಮಾನಗಳ ಕಾಲ ಸನ್ಯಾಸಿಗಳಿದ್ದರೂ ಇವುಗಳಿಗೆ ಅಬೆ ಎಂಬ ಹೆಸರು ಬಾರದಿರುವುದು ಅದಕ್ಕೇ.

ಹಳ್ಳಿಗಾಡಿನಲ್ಲಿ ಅಬೆ ಎಂಬ ಹೆಸರಿನ ಶ್ರೀಮಂತರ ಬಂಗಲೆಗಳೂ ಸಿಗುತ್ತವೆ. ಮುಚ್ಚಿದ ಮಠದ ಭೂಮಿಯನ್ನು ಕೊಂಡವರು ಅಲ್ಲಿಯೇ ಮನೆ ಮಾಡಿಕೊಂಡು ಹೆಸರನ್ನು ಉಳಿಸಿಕೊಂಡರು. ವೋಬರ್ನ್ ಅಬೆ ಹಾಗೆ ಬೆಡ್‌ಫರ್ಡ್ ಡ್ಯೂಕ್‌ಗಳ ಮನೆಯಾಯಿತು. 1232ರಲ್ಲಿ ಸನ್ಯಾಸಿನಿಯರಿಗಾಗಿ ಸ್ಥಾಪನೆಯಾದ ಲೇಕಾಕ್ ಅಬೆಯಲ್ಲಿ ಮುಂದೆ ವಾಸವಾಗಿದ್ದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಆ ಮನೆಯ ಕಿಟಕಿಯೊಂದರ ಚಿತ್ರವನ್ನು 1835ರಲ್ಲಿ ಕಾಗದದ ನೆಗೆಟಿವ್ ಮೇಲೆ ಮೂಡಿಸಿದ. ನಿಜವಾಗಿ ಸನ್ಯಾಸಿಗಳಿರುವ ಅಬೆಯನ್ನೇ ನೋಡಬೇಕೆಂದರೆ ಡೆವನ್‌ನ ಬಕ್‌ಫಾಸ್ಟ್‌ಗೆ ಹೋಗಬಹುದು. 1882ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಬೆನೆಡಿಕ್ಟೈನರು 1907ರಿಂದ ಮೂರು ದಶಕಗಳ ಕಾಲ ತಾವೇ ಕಲ್ಲು ಹೊತ್ತು ಚರ್ಚನ್ನು ಕಟ್ಟಿದರು.

ಬೆಸಿಲಿಕಾ ಎಂಬುದು ಮೂರನೆಯ ಸಂಗತಿ. ಪೋಪ್ ಕೊಡುವ ಗೌರವ ಅದು. ಬೆಂಗಳೂರಿನವರಿಗೆ ಇದನ್ನು ಕಲಿಯಲು ವಿಮಾನ ಹತ್ತಬೇಕಾಗಿಲ್ಲ. ಶಿವಾಜಿನಗರದ ಸೇಂಟ್ ಮೇರಿ ಚರ್ಚು ಬೆಸಿಲಿಕಾ, ಆದರೆ ಕೆಥೆಡ್ರಲ್ ಅಲ್ಲ; ಬೆಂಗಳೂರಿನ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರ ಪೀಠವಿರುವುದು ಸೇಂಟ್ ಫ್ರಾನ್ಸಿಸ್ ಝೇವಿಯರ್ ಕೆಥೆಡ್ರಲ್‌ನಲ್ಲಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸೇಂಟ್ ಮಾರ್ಕ್ಸ್ ಕೂಡ ಕೆಥೆಡ್ರಲ್ಲೇ, ಏಕೆಂದರೆ ಆ ಸಭೆಗೆ ಅದರದೇ ಬಿಷಪ್ಪರಿದ್ದಾರೆ. ಮೈಸೂರಿನಲ್ಲಿ ಎಲ್ಲರೂ ಫಿಲೋಮಿನಾ ಚರ್ಚ್ ಎಂದು ಕರೆಯುವುದು ಕೆಥೆಡ್ರಲ್.

ಅಭ್ಯಾಸಕ್ಕೆ ಒಂದು ಊರು

ಒಂದೇ ದಿನ ಕೈಯಲ್ಲಿದ್ದರೆ ಕ್ಯಾಂಟರ್‌ಬರಿಗೆ ಹೋಗುವುದು ಒಳಿತೆಂದು ನನ್ನ ಸಲಹೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮೊದಲು ಕೆಥೆಡ್ರಲ್‌ಗೆ ಹೋಗಿ, ಪ್ರಧಾನ ಬಲಿಪೀಠದ ಹಿಂದೆ ಸಂತ ಅಗಸ್ಟಿನರ ಹೆಸರಿನ 13ನೆಯ ಶತಮಾನದ ಕಲ್ಲಿನ ಆಸನವನ್ನು ನೋಡಿರಿ. ಆರ್ಚ್‌ಬಿಷಪ್ಪರು ಅಧಿಕಾರ ವಹಿಸಿಕೊಳ್ಳುವುದು ಅದರಲ್ಲಿ ಕುಳಿತು. ಬಳಿಕ 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆಯಾದ ವಾಯವ್ಯದ ಅಡ್ಡತೋಳಿಗೆ ಬನ್ನಿರಿ. ಕೊಲೆಗಾರರು ಒಳಗೆ ಬಂದದ್ದು ಕ್ಲಾಯ್ಸ್ಟರ್‌ನ ಕಡೆಯಿಂದ. ಬಿಷಪ್ಪರ ಚರ್ಚು ಮತ್ತು ಸನ್ಯಾಸಿಗಳ ಮನೆ ಇಲ್ಲಿ ಎಷ್ಟು ಒತ್ತಿಕೊಂಡಿದ್ದವೆಂಬುದು ಆ ಬಾಗಿಲಿನಲ್ಲಿ ನಿಂತರೆ ತಿಳಿಯುತ್ತದೆ. ಆಮೇಲೆ ಊರಿನ ಕೋಟೆಗೋಡೆಯಿಂದ ಹೊರಗೆ ನಡೆದು, 598ರ ಸುಮಾರಿಗೆ ಆರಂಭವಾಗಿ 1538ರಲ್ಲಿ ಮುಚ್ಚಿದ ಸೇಂಟ್ ಅಗಸ್ಟಿನ್ಸ್ ಅಬೆಯ ಅವಶೇಷಗಳಿಗೆ ಹೋಗಿರಿ. ಎರಡನ್ನೂ ಬೆನೆಡಿಕ್ಟೈನರೇ ನಡೆಸುತ್ತಿದ್ದರು, ಎರಡೂ 1988ರಿಂದ ಒಂದೇ ವಿಶ್ವಪರಂಪರೆಯ ತಾಣದ ಭಾಗಗಳು. ಒಂದರಲ್ಲಿ ಬಿಷಪ್ಪರ ಆಸನವಿದ್ದುದರಿಂದ ಸನ್ಯಾಸಿಗಳು ಹೋದ ಮೇಲೂ ಕಟ್ಟಡಕ್ಕೆ ಕೆಲಸವಿತ್ತು. ಇನ್ನೊಂದರಲ್ಲಿ ಅದಿರಲಿಲ್ಲ.

ಭೇಟಿಯ ವ್ಯವಸ್ಥೆ

ದೊಡ್ಡ ಕೆಥೆಡ್ರಲ್‌ಗಳಲ್ಲಿ ಅನೇಕವು ಮತ್ತು ವೆಸ್ಟ್‌ಮಿನ್‌ಸ್ಟರ್ ಅಬೆ ಪ್ರವಾಸಿಗರಿಂದ ಪ್ರವೇಶ ಶುಲ್ಕ ಪಡೆಯುತ್ತವೆ, ಆದರೆ ಪ್ರಾರ್ಥನೆಗೆ ಬರುವವರಿಂದ ಪಡೆಯುವುದಿಲ್ಲ. ಸಂಜೆ ಐದು, ಐದೂವರೆಯ ಹೊತ್ತಿಗೆ ನಡೆಯುವ ಈವನ್‌ಸಾಂಗ್ ಎಂಬ ಗಾಯನ ಪ್ರಾರ್ಥನೆಗೆ ಯಾವ ಧರ್ಮದವರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ಸ್ವಲ್ಪ ಮುಂಚೆಯೇ ಹೋದರೆ ಗಾಯಕರ ಹತ್ತಿರದ ಮರದ ಆಸನಗಳಲ್ಲಿಯೇ ಜಾಗ ಸಿಗುವ ಸಾಧ್ಯತೆಯಿರುತ್ತದೆ, ಬಿಷಪ್ಪರ ಪೀಠವನ್ನು ಎದುರಿಗೇ ಕುಳಿತು ನೋಡಬಹುದು. ಆದರೆ ಆಗ ತಿರುಗಾಡುವುದಕ್ಕೂ ಚಿತ್ರ ತೆಗೆಯುವುದಕ್ಕೂ ಅವಕಾಶವಿಲ್ಲ. ಡರಮ್, ಕ್ಯಾಂಟರ್‌ಬರಿಯಂಥ ಕೆಥೆಡ್ರಲ್‌ಗಳಲ್ಲಿ ವಿಶ್ವವಿದ್ಯಾಲಯದ ಘಟಿಕೋತ್ಸವಗಳು ನಡೆಯುತ್ತವೆ, ಆ ದಿನಗಳಲ್ಲಿ ಕಟ್ಟಡದ ದೊಡ್ಡ ಭಾಗ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಪಾಳುಬಿದ್ದ ಅಬೆಗಳು ಬಯಲಿನಲ್ಲಿರುವುದರಿಂದ ಮಳೆಗೆ ಆಸರೆ ಕಡಿಮೆ, ಚಳಿಗಾಲದಲ್ಲಿ ಅನೇಕ ಕಡೆ ವಾರಾಂತ್ಯದಲ್ಲಿ ಮಾತ್ರ ತೆರೆಯುತ್ತಾರೆ. ಟಿಕೆಟ್ ಕಾಯ್ದಿರಿಸುವ ಮೊದಲು ಆಯಾ ಸ್ಥಳದ ಜಾಲತಾಣದಲ್ಲಿ ಆ ದಿನದ ವೇಳಾಪಟ್ಟಿಯನ್ನು ನೋಡಿಕೊಳ್ಳಿರಿ.